ನಿತ್ಯ ತೊಡುವ ಒಡವೆ: ನೀರು, ಬೆವರಿಗೆ ತಾಳುವ ಲೋಹ ಯಾವುದು?

ಮುಂಬಯಿ: ಊರಿನಲ್ಲಿ ಚಿನ್ನವೆಂದರೆ ಪೆಟ್ಟಿಗೆಯ ಆಸ್ತಿ. ಮದುವೆ, ಸೀಮಂತ, ನೇಮೋತ್ಸವಕ್ಕೆ ಹೊರಬಂದು ಮತ್ತೆ ಒಳಸೇರುತ್ತದೆ. ಮುಂಬಯಿ ಮಹಾನಗರದ ಕನ್ನಡಿಗ ಗೃಹಿಣಿಯ ಕರಿಮಣಿ, ಬಳೆ, ಓಲೆ, ಕಾಲುಂಗುರಗಳಿಗೆ ಆ ವಿಶ್ರಾಂತಿಯಿಲ್ಲ. ನಸುಕಿನಲ್ಲಿ ನೀರು ಬಂದಾಗ ಪಾತ್ರೆ, ಬಟ್ಟೆಯ ಕೆಲಸ; ಅನಂತರ ಡೊಂಬಿವಲಿ, ಮುಲುಂಡ್, ಮೀರಾರೋಡ್‌ಗಳಿಂದ ಲೋಕಲ್ ರೈಲಿನ ನೂಕುನುಗ್ಗಲು; ನಾಲ್ಕು ತಿಂಗಳ ಮಳೆ, ಉಳಿದ ದಿನಗಳ ಬೆವರು. ಈ ಓಡಾಟದಲ್ಲಿ ತೌರಿನವರು ಕೊಟ್ಟ ಒಂದೆರಡು ಪವನಿನ ಒಡವೆ ಸವೆದು ಕೊಂಡಿ ತುಂಡಾದರೆ ನಷ್ಟವಾಗುವುದು ಅಲಂಕಾರ ಮಾತ್ರವಲ್ಲ, ಕುಟುಂಬದ ಉಳಿತಾಯವೂ ಹೌದು. ಆದ್ದರಿಂದ ನಿತ್ಯ ತೊಡುವ ಒಡವೆಗೆ ಯಾವ ಲೋಹ ತಕ್ಕುದೆಂದು ತಿಳಿದಿರುವುದು ಒಳಿತು.

ಚಿನ್ನಕ್ಕೆ ನೀರಿನ ಭಯವಿಲ್ಲ

ಶುದ್ಧ ಚಿನ್ನಕ್ಕೆ ನೀರಿನಿಂದಾಗಲೀ ಬೆವರಿನಿಂದಾಗಲೀ ತುಕ್ಕು ಹಿಡಿಯದು. ಆದರೆ 24 ಕ್ಯಾರೆಟ್ ಚಿನ್ನ ಬಹಳ ಮೆತ್ತಗೆ; ಒಡವೆ ಮಾಡಿದರೆ ಬಾಗುತ್ತದೆ. ಹೀಗಾಗಿ ಅಕ್ಕಸಾಲಿಗರು ತಾಮ್ರ, ಬೆಳ್ಳಿ ಮುಂತಾದವನ್ನು ಬೆರೆಸುತ್ತಾರೆ. 22 ಕ್ಯಾರೆಟ್‌ನಲ್ಲಿ ಸಾವಿರಕ್ಕೆ 916 ಪಾಲು, 18 ಕ್ಯಾರೆಟ್‌ನಲ್ಲಿ 750 ಪಾಲು ಚಿನ್ನವಿರುತ್ತದೆ. ಕರಾವಳಿಯ ಲೆಕ್ಕದ ಒಂದು ಪವನು ಅಂದರೆ 8 ಗ್ರಾಂ ಒಡವೆ 22 ಕ್ಯಾರೆಟ್‌ನದಾದರೆ ಅದರಲ್ಲಿ ಸುಮಾರು 7.33 ಗ್ರಾಂ, 18 ಕ್ಯಾರೆಟ್‌ನದಾದರೆ 6 ಗ್ರಾಂ ಶುದ್ಧ ಚಿನ್ನ. ಮುಂಬಯಿಯ ಅಂಗಡಿಗಳಲ್ಲಿ ತೊಲ ಎಂದಾಗ 10 ಗ್ರಾಂ ಎಂದೇ ರೂಢಿ. ಪವನಿನ ಲೆಕ್ಕದವರು ಇದನ್ನು ಮರೆಯಬಾರದು.

ಕರಿಮಣಿ, ಬಳೆ, ಓಲೆಗೆ 22 ಕ್ಯಾರೆಟ್ ಬಣ್ಣಗೆಡದೆ ಬಾಳುತ್ತದೆ. ಹರಳು ಕೂರಿಸಿದ ಉಂಗುರಕ್ಕೆ ಹೆಚ್ಚು ಗಟ್ಟಿಯಾದ 18 ಕ್ಯಾರೆಟ್ ಒಳ್ಳೆಯದು, ಹರಳು ಬೇಗ ಸಡಿಲವಾಗದು. ಆದರೆ ಕ್ಯಾರೆಟ್ ಇಳಿದಷ್ಟೂ ಬೆರಕೆ ಲೋಹ ಹೆಚ್ಚು. ಬೆವರಿಗೆ, ಕ್ಲೋರಿನ್‌ಗೆ ಕಪ್ಪಾಗುವ ಸಂಭವವೂ ಹೆಚ್ಚು.

ನಳ್ಳಿ ನೀರಿನ ಅಲ್ಪ ಕ್ಲೋರಿನ್ ಚಿನ್ನಕ್ಕೆ ಅಪಾಯವಲ್ಲ. ಬಟ್ಟೆ ಬಿಳುಪಿಸುವ ದ್ರಾವಣ, ಬ್ಲೀಚಿಂಗ್ ಪೌಡರ್, ಈಜುಕೊಳದ ನೀರು ಮಾತ್ರ ಬೆರಕೆ ಲೋಹವನ್ನೂ ಬೆಸುಗೆಯನ್ನೂ ದುರ್ಬಲಗೊಳಿಸುತ್ತವೆ. ಇಂತಹ ಕೆಲಸದ ಮುನ್ನ ಉಂಗುರ, ಬಳೆ ತೆಗೆದಿಡುವುದು ಕ್ಷೇಮ. ಸರ ಸಾಮಾನ್ಯವಾಗಿ ತುಂಡಾಗುವುದು ಕೊಂಡಿಯ ಬಳಿ. ಕರಿಮಣಿ ಪೋಣಿಸಿದ ಚಿನ್ನದ ತಂತಿಯೂ ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ. ವರ್ಷಕ್ಕೊಮ್ಮೆ ಪರಿಚಯದ ಅಕ್ಕಸಾಲಿಗರಿಗೆ ತೋರಿಸಿ ಕೊಂಡಿ ಭದ್ರಪಡಿಸಿದರೆ ಇಡೀ ಸರ ಉಳಿಯುತ್ತದೆ.

ಬೆಳ್ಳಿ ಕಪ್ಪಾಗುವುದೇಕೆ?

ಬೆಳ್ಳಿ ಕಪ್ಪಾದೊಡನೆ ಅಂಗಡಿಯವರು ಮೋಸ ಮಾಡಿದರೆಂದು ತಿಳಿಯುವುದು ಸರಿಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಚರಂಡಿ, ಖಾಡಿಗಳ ದುರ್ವಾಸನೆಯಲ್ಲೂ ಇದೇ ಅನಿಲವಿರುತ್ತದೆ. ತೇವ ಹೆಚ್ಚಿರುವ ಮುಂಬಯಿಯಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಒಂದು ಚಮಚ ಅಡಿಗೆ ಸೋಡಾ ಹಾಕಿ ಕೆಲವು ನಿಮಿಷ ಮುಳುಗಿಸಿದರೆ ಕಪ್ಪು ಬಿಡುತ್ತದೆ. ಹರಳು ಕೂರಿಸಿದ್ದಕ್ಕೆ, ಬೇಕೆಂದೇ ಕಪ್ಪುಮಾಡಿದ ಆಕ್ಸಿಡೈಸ್ಡ್ ಒಡವೆಗೆ ಇದು ಸಲ್ಲದು.

ಕಾಲುಂಗುರ, ಕಾಲ್ಗೆಜ್ಜೆಗೆ ತಾಮ್ರ ಸೇರಿದ 925 ಶುದ್ಧತೆಯ ಬೆಳ್ಳಿ ಗಟ್ಟಿ. ಸವೆದು ಅಂಚು ಹರಿತವಾದ ಕಾಲುಂಗುರ ಬೆರಳನ್ನು ಕೊಯ್ಯುತ್ತದೆ; ಅದನ್ನು ಬದಲಿಸುವುದೇ ಲೇಸು. ಜರ್ಮನ್ ಸಿಲ್ವರ್ ಎಂಬ ಹೆಸರಿಗೆ ಮರುಳಾಗಬಾರದು. ತಾಮ್ರ, ನಿಕ್ಕಲ್, ಸತುವಿನ ಈ ಮಿಶ್ರಣದಲ್ಲಿ ಬೆಳ್ಳಿಯ ಅಂಶವೇ ಇಲ್ಲ.

ಒಂದು ಗ್ರಾಂ ಚಿನ್ನ, ಸ್ಟೀಲ್, ಟೈಟಾನಿಯಂ

ಸರಗಳ್ಳರ ಭಯದಿಂದ ರೈಲು ಪ್ರಯಾಣಕ್ಕೆ ಒಂದು ಗ್ರಾಂ ಚಿನ್ನದ ಒಡವೆ ತೊಡುವವರು ಅನೇಕರು. ಇದರ ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ, ಮೇಲೆ ತೀರಾ ತೆಳು ಚಿನ್ನದ ಲೇಪ. ನೀರು, ಸಾಬೂನು, ಬೆವರಿಗೆ ಲೇಪ ಸವೆದೊಡನೆ ಚರ್ಮದ ಮೇಲೆ ಹಸಿರು ಕಲೆ ಮೂಡುತ್ತದೆ. ಸಮಾರಂಭಕ್ಕೆ ಇದು ಚೆನ್ನ, ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಅಲ್ಲ.

ಕಡಿಮೆ ಬೆಲೆಗೆ ದಿನಬಳಕೆಯ ಒಡವೆ ಬೇಕಾದವರಿಗೆ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯ ಆಯ್ಕೆ. ಇದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪುನೀರು, ಬೆವರನ್ನು ತಡೆದುಕೊಳ್ಳುತ್ತದೆ. ಆದರೆ ಇದಕ್ಕೆ ಚಿನ್ನದಂತೆ ಮರುಮಾರಾಟದ ಬೆಲೆಯಿಲ್ಲ.

ಓಲೆ ಹಾಕಿದೊಡನೆ ಕಿವಿ ಕೆಂಪಾಗಿ ತುರಿಸುವುದಕ್ಕೆ ಅನೇಕ ವೇಳೆ ನಿಕ್ಕಲ್ ಕಾರಣ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಯುರೋಪಿನ ದೇಶಗಳು 1994ರಲ್ಲಿಯೇ ಮೈಗೆ ತಾಗುವ ವಸ್ತುಗಳ ನಿಕ್ಕಲ್‌ಗೆ ಮಿತಿ ಹೇರಿದವು. ಸ್ಟೀಲ್‌ನಲ್ಲೂ ನಿಕ್ಕಲ್ ಇದೆ. ಅದು ಹೊರಬರುವುದು ಅತ್ಯಲ್ಪವಾದರೂ ಅಲರ್ಜಿ ಇರುವವರಿಗೆ ಟೈಟಾನಿಯಂ ಅಥವಾ 22 ಕ್ಯಾರೆಟ್ ಚಿನ್ನವೇ ಸುರಕ್ಷಿತ. ಕಿವಿ ಚುಚ್ಚಿಸಿದ ಮಕ್ಕಳಿಗೆ ಅಗ್ಗದ ಓಲೆ ಹಾಕುವ ಮುನ್ನ ಹೆತ್ತವರು ಇದನ್ನು ಯೋಚಿಸಬೇಕು.

ಮುದ್ರೆ ನೋಡಿ, ಬಿಲ್ಲು ಕೇಳಿ

ತಾಳಿಕೆ ಹೇಗೇ ಇರಲಿ, ಹೇಳಿದ ಶುದ್ಧತೆ ಒಡವೆಯಲ್ಲಿ ಇರಬೇಕು. ಝವೇರಿ ಬಜಾರಿನ ದೊಡ್ಡ ಮಳಿಗೆಯಿರಲಿ, ಉಪನಗರದ ಸಣ್ಣ ಅಂಗಡಿಯಿರಲಿ, ಮುದ್ರೆ ನೋಡದೆ ಕೊಳ್ಳಬಾರದು. ಭಾರತೀಯ ಮಾನಕ ಸಂಸ್ಥೆ (ಬಿಐಎಸ್) 2000ದಲ್ಲಿ ಆರಂಭಿಸಿದ ಚಿನ್ನದ ಹಾಲ್‌ಮಾರ್ಕ್ 2021ರ ಜೂನ್‌ನಲ್ಲಿ ಮೊದಲ ಹಂತವಾಗಿ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಎಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಬಿಐಎಸ್ ಗುರುತು, 22ಕೆ916ರಂತಹ ಶುದ್ಧತೆ, ಎಚ್‌ಯುಐಡಿ - ಈ ಮೂರನ್ನೂ ಭೂತಗನ್ನಡಿಯಲ್ಲಿ ತೋರಿಸಲು ಕೇಳಬೇಕು. ಸಂಖ್ಯೆಯನ್ನು ಮೊಬೈಲ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಅಲ್ಲಿಯೇ ಸಿಗುತ್ತದೆ.

ಮೂಗುತಿಯಂತಹ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ಅಲ್ಲಿ ತೂಕ, ಕ್ಯಾರೆಟ್ ಬರೆದ ಬಿಲ್ಲೇ ಆಧಾರ. ಕೆಡಿಎಂ ಎಂಬುದು ಶುದ್ಧತೆಯ ಮುದ್ರೆಯಲ್ಲ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು. ಅದರ ಹೊಗೆ ಕುಸುರಿ ಕೆಲಸಗಾರರ ಆರೋಗ್ಯಕ್ಕೆ ಮಾರಕ. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಂದು ಎಚ್‌ಯುಐಡಿ ಪದ್ಧತಿ ಆರಂಭವಾದಾಗ ಅದನ್ನು ಐಚ್ಛಿಕವಾಗಿಯೇ ಇಡಲಾಯಿತು.

ತೊಳೆಯುವ ವಿಧಾನ

ನಿತ್ಯದ ಚಿನ್ನವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳ ಕಾಯಿಯ ನೊರೆ ಅಥವಾ ಮೃದು ಸಾಬೂನಿನಿಂದ, ಮೆತ್ತನೆಯ ಬ್ರಶ್ಶಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿದರೆ ಸಾಕು. ಟೂತ್‌ಪೇಸ್ಟ್, ಬೂದಿಯಿಂದ ತಿಕ್ಕಿದರೆ ಗೀರು ಬಿದ್ದು ಚಿನ್ನ ಸವೆಯುತ್ತದೆ. ಮುತ್ತು, ಹವಳದ ಸರಕ್ಕೆ ಲಿಂಬೆ, ಹುಣಸೆಹುಳಿ ತಾಗಿಸಲೇಬಾರದು. ಹುಳಿಗೆ ಅವು ಕರಗಿ ಕಾಂತಿ ಕಳೆದುಕೊಳ್ಳುತ್ತವೆ.

ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳು ವರ್ಷಂಪ್ರತಿ ನಡೆಸುವ ಅರಶಿನ ಕುಂಕುಮ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆ ಮೀಸಲಿಟ್ಟು ಹಾಲ್‌ಮಾರ್ಕ್ ಓದುವ ಕ್ರಮವನ್ನು ಸದಸ್ಯೆಯರಿಗೆ ತೋರಿಸಿಕೊಟ್ಟರೆ ಬಹಳ ಉಪಕಾರವಾದೀತು. ಪರವೂರಿನಲ್ಲಿ ಬೆವರು ಸುರಿಸಿ ಗಳಿಸಿದ ಚಿನ್ನ ಮುಂದಿನ ತಲೆಮಾರಿಗೆ ತೂಕ ಕಳೆದುಕೊಳ್ಳದೆ ತಲುಪಬೇಕಾದರೆ ಕೊಳ್ಳುವಾಗಿನ ಎಚ್ಚರ, ತೊಡುವಾಗಿನ ಜಾಗ್ರತೆ ಎರಡೂ ಬೇಕು.