ರೂಟರ್ ಸೆಟ್ಟಿಂಗ್ ಬದಲಿಸಿದ್ರೆ ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗುತ್ತಾ?

ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಶುರುವಾಗಿದ್ದು. ನಾವಿರೋದು ಠಾಣೆಯಲ್ಲಿ, ಏಳನೇ ಮಹಡಿಯ ಫ್ಲ್ಯಾಟು. ಹೋದ ತಿಂಗಳು ಮಗಳಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಎರಡನೇ ಪ್ರಶ್ನೆಗೆ ಉತ್ತರ ಹೇಳ್ತಿದ್ದ ಹಾಗೇ ವಿಡಿಯೋ ನಿಂತುಹೋಯ್ತು. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಹೇಗೋ ಮುಗಿಸಿದಳು. ಎರಡು ವಾರ ಬಿಟ್ಟು ಇನ್ನೊಂದು ಸುತ್ತು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದ್ರೆ, "ಸರ್, 100ರ ಪ್ಲಾನ್ ಬಿಟ್ಟು 200ರದ್ದು ತಗೊಳ್ಳಿ" ಅಂದ್ರು. ದುಡ್ಡು ಕಟ್ಟೋಕೆ ಮುಂಚೆ ಒಂದು ಸಲ ನಾನೇ ನೋಡೋಣ ಅಂತ ಕೂತೆ.

ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ಯಾವ ಸೆಟ್ಟಿಂಗೂ ಪ್ಲಾನ್‌ಗಿಂತ ಹೆಚ್ಚು ಸ್ಪೀಡ್ ಕೊಡಲ್ಲ. ಬಿಲ್ಡಿಂಗಿನ ಟ್ಯಾಂಕಿಗೆ ಎಷ್ಟು ನೀರು ಬರುತ್ತೆ ಅನ್ನೋದು ನಮ್ಮ ಕೈಲಿಲ್ಲ. ಆದ್ರೆ ಟ್ಯಾಂಕಿನಿಂದ ನಲ್ಲಿಗೆ ಬರುವಾಗ ಎಲ್ಲಿ ಸೋರ್ತಿದೆ ಅಂತ ನಾವು ನೋಡಬಹುದು. ಸೆಟ್ಟಿಂಗ್ ಬದಲಿಸೋದು ಅಂದ್ರೆ ಆ ಸೋರಿಕೆ ನಿಲ್ಲಿಸೋದು, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಅಳೆಯೋದು. ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರ ರೂಟರ್‌ಗೆ ಸೇರಿಸಿ, ಸ್ಪೀಡ್ ಟೆಸ್ಟ್ ಮಾಡಿ. ನನಗೆ 93 ಎಂಬಿಪಿಎಸ್ ಬಂತು. ಅದೇ ಲ್ಯಾಪ್‌ಟಾಪ್ ಮಗಳ ರೂಮಿನಲ್ಲಿ ವೈಫೈ ಮೇಲೆ 18! ಅಂದ್ರೆ ಲೈನ್ ಸರಿಯಾಗಿದೆ, ತೊಂದರೆ ಮನೆಯೊಳಗೇ ಇದೆ. 200ರ ಪ್ಲಾನ್ ತಗೊಂಡಿದ್ರೂ ಆ ರೂಮಿಗೆ 18ರ ಆಸುಪಾಸೇ ಬರ್ತಿತ್ತು. ಕೇಬಲ್‌ನಲ್ಲೂ ಕಮ್ಮಿ ಬಂದ್ರೆ ಮಾತ್ರ ಕಂಪನಿಗೆ ದೂರು ಕೊಡಿ. ಇನ್ನೊಂದು ಮಾತು: 100 ಅನ್ನೋದು ಮೆಗಾಬಿಟ್. 8 ಬಿಟ್ ಸೇರಿದ್ರೆ 1 ಬೈಟ್. ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 12 ಮೆಗಾಬೈಟ್ ತೋರಿಸಿದ್ರೆ ಅದು ಮೋಸ ಅಲ್ಲ, ಲೆಕ್ಕ ಸರಿಯಾಗೇ ಇದೆ.

ಎರಡನೇದು ಸೆಟ್ಟಿಂಗೇ ಅಲ್ಲ, ಜಾಗ. ನಮ್ಮ ರೂಟರ್ ಟಿವಿ ಹಿಂದೆ, ಮರದ ಕಪಾಟಿನೊಳಗೆ ಕೂತಿತ್ತು. ನೋಡೋಕೆ ಚೆಂದ, ಸಿಗ್ನಲ್‌ಗೆ ಕಷ್ಟ. ಹೊರಗೆ ತೆಗೆದು ಹಾಲ್‌ನ ಎತ್ತರದ ಶೆಲ್ಫ್ ಮೇಲಿಟ್ಟೆ. 18 ಇದ್ದದ್ದು 35 ಆಯ್ತು.

ಮೂರನೇದು ಬ್ಯಾಂಡ್. ಈಗಿನ ಹೆಚ್ಚಿನ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುತ್ತವೆ. 2.4 ದೂರ ಹೋಗುತ್ತೆ, ಗೋಡೆ ದಾಟುತ್ತೆ, ಆದ್ರೆ ನಿಧಾನ. 5 ವೇಗ ಜಾಸ್ತಿ, ಆದ್ರೆ ಎರಡು ಗೋಡೆ ಬಂದ್ರೆ ಸುಸ್ತಾಗುತ್ತೆ. ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರಿತ್ತು, ಲ್ಯಾಪ್‌ಟಾಪ್ 2.4ಕ್ಕೆ ಅಂಟಿಕೊಂಡಿತ್ತು. ಹೆಸರು ಬೇರೆ ಮಾಡಿ 5ಕ್ಕೆ ಸೇರಿಸಿದೆ. ಹಾಲ್‌ಗೂ ಆ ರೂಮಿಗೂ ನಡುವೆ ಒಂದೇ ಗೋಡೆ. 80 ದಾಟಿತು.

ಇದನ್ನ ಮಾಡೋದು ಹೇಗೆ? ರೂಟರ್ ಅಡಿಯ ಸ್ಟಿಕ್ಕರ್ ಮೇಲೆ 192.168.1.1 ಥರದ ಒಂದು ವಿಳಾಸ, ಲಾಗಿನ್ ವಿವರ ಇರುತ್ತೆ. ಬ್ರೌಸರ್‌ನಲ್ಲಿ ಅದನ್ನ ಹಾಕಿದ್ರೆ ಸೆಟ್ಟಿಂಗ್ ಪುಟ ತೆರೆಯುತ್ತೆ. ಮುಂಬೈ, ಪುಣೆಯ ಬಿಲ್ಡಿಂಗ್‌ಗಳಲ್ಲಿ ಅಕ್ಕಪಕ್ಕದ ಇಪ್ಪತ್ತು ವೈಫೈ ಕಾಣೋದು ಮಾಮೂಲಿ. ಅಂಥ ಕಡೆ 2.4ರ ಚಾನೆಲ್ಲನ್ನು 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕಿಡಿ. ಈ ಮೂರೂ ಒಂದರ ಮೇಲೊಂದು ಬೀಳಲ್ಲ.

ಡಿಎನ್‌ಎಸ್‌ನ 8.8.8.8 ಅಥವಾ 1.1.1.1 ಮಾಡಿದ್ರೆ ಸ್ಪೀಡ್ ಡಬಲ್ ಅಂತಾರಲ್ಲ? ಡಿಎನ್‌ಎಸ್ ಅಂದ್ರೆ ವಿಳಾಸ ಹುಡುಕಿಕೊಡೋ ಡೈರೆಕ್ಟರಿ. ಪುಟ ತೆರೆಯೋಕೆ ಶುರುವಾಗೋದು ಸ್ವಲ್ಪ ಬೇಗ ಆಗಬಹುದು. ಡೌನ್‌ಲೋಡ್ ವೇಗ ಹೆಚ್ಚಾಗಲ್ಲ.

ಒಂದು ಎಚ್ಚರಿಕೆ. ವ್ಯಾನ್, ವಿಲ್ಯಾನ್, ಪಿಪಿಪಿಒಇ ಅಂತಿರೋ ಕಡೆ ಕೈ ಹಾಕಬೇಡಿ. ಅದು ಕಂಪನಿ ಹಾಕಿಕೊಟ್ಟಿದ್ದು, ಅಳಿಸಿದ್ರೆ ಇರೋ ನೆಟ್ಟೂ ಹೋಗುತ್ತೆ. ರಿಸೆಟ್ ಬಟನ್ ಕೂಡ ಹಾಗೇ. ಏನೇ ಬದಲಿಸೋ ಮುಂಚೆ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಆದಮೇಲೆ ಇನ್ನೊಂದು ಗೊತ್ತಾಯ್ತು. ಇಂಟರ್‌ವ್ಯೂ ದಿನ ಮನೆಯವಳ ಫೋನಿನಿಂದ ಹುಬ್ಬಳ್ಳಿ ಮದುವೆಯ ವಿಡಿಯೋಗಳು ಬ್ಯಾಕಪ್ ಆಗ್ತಿದ್ವು! ಮೊದಲೇ ಸೊರಗಿದ ವೈಫೈ, ಅದರ ಮೇಲೆ ಅಷ್ಟು ದೊಡ್ಡ ಅಪ್‌ಲೋಡ್. ವಿಡಿಯೋ ಕಾಲ್ ನಿಲ್ಲದೆ ಇನ್ನೇನು? ಈಗ ಬ್ಯಾಕಪ್ ರಾತ್ರಿಗೆ.

ಎರಡನೇ ಸುತ್ತು ಮುಕ್ಕಾಲು ಗಂಟೆ ನಡೀತು, ಒಂದು ಸಲವೂ ನಿಲ್ಲಲಿಲ್ಲ. ಪ್ಲಾನ್ ಅದೇ 100. ಕೆಲಸ ಸಿಗೋದು ಅವಳ ಉತ್ತರಕ್ಕೆ ಬಿಟ್ಟದ್ದು. ರೂಟರ್‌ನಿಂದಾಗಿ ತಪ್ಪಿಹೋಗಬಾರದು, ಅಷ್ಟೇ ನನಗೆ ಬೇಕಿದ್ದದ್ದು. ನೀವೂ ಮೊದಲು ಕೇಬಲ್ ಹಾಕಿ ಅಳೀರಿ, ಎಷ್ಟು ಬಂತು ಅಂತ ನನಗೂ ತಿಳಿಸಿ.