ಡಿಸೆಂಬರ್ 31ರ ಗೆರೆ: ಮಕ್ಕಳ ಹಾಕಿ ತಂಡ ಯಾವ ಲೆಕ್ಕದಲ್ಲಿ ವಿಂಗಡಣೆಯಾಗುತ್ತದೆ?

ಮಡಿಕೇರಿ: ಒಂದೇ ಬೀದಿಯ ಇಬ್ಬರು ಹುಡುಗರು ಅಂತಿಟ್ಟುಕೊಳ್ಳಿ. ಒಂದೇ ತರಗತಿ, ಒಂದೇ ಬೆಂಚು, ಬೆಳಗ್ಗೆ ಮೈದಾನಕ್ಕೆ ಹೋಗುವುದೂ ಒಟ್ಟಿಗೆ. ಒಬ್ಬ ಹುಟ್ಟಿದ್ದು ಡಿಸೆಂಬರ್ ಕೊನೆಯ ವಾರ, ಇನ್ನೊಬ್ಬ ಅದರ ಮುಂದಿನ ವಾರ, ಅಂದರೆ ಜನವರಿಯಲ್ಲಿ. ಶಾಲಾ ತಂಡದ ಪಟ್ಟಿ ಅಂಟಿಸಿದ ದಿನ ಜನವರಿಯವನ ಹೆಸರು 14 ವರ್ಷದೊಳಗಿನವರ ತಂಡದಲ್ಲಿದೆ, ಡಿಸೆಂಬರಿನವನ ಹೆಸರು ಇಲ್ಲ. "ಸರ್, ನಮ್ಮವನೇ ಚೆನ್ನಾಗಿ ಆಡ್ತಾನಲ್ವಾ?" ಅಂತ ತಾಯಿ ಕೇಳಿದರೆ ಪಿ.ಟಿ. ಮಾಸ್ಟರ್ ಬಳಿ ಇರುವ ಉತ್ತರ ಒಂದೇ: "ಆಟ ನೋಡಿ ಅಲ್ಲಮ್ಮ, ಡೇಟ್ ನೋಡಿ."

ಪ್ರತಿ ವರ್ಷ ಶಾಲಾ ಕ್ರೀಡಾಕೂಟದ ಸಮಯ ಬಂದಾಗ ಎಲ್ಲ ತಾಲ್ಲೂಕುಗಳಲ್ಲೂ ಈ ಮಾತು ಎದ್ದೇ ಏಳುತ್ತದೆ. ಮಗನಿಗೆ ಅನ್ಯಾಯವಾಯಿತು, ಮಾಸ್ಟರ್ ಬೇಕಾದವರನ್ನು ತಗೊಂಡರು ಎಂಬ ದೂರು ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಹೆಚ್ಚಿನ ಸಲ ಜಗಳದ ಬೇರು ವಯೋಮಿತಿಯ ಲೆಕ್ಕದಲ್ಲಿರುತ್ತದೆ, ಮತ್ತು ಆ ಲೆಕ್ಕವನ್ನು ಯಾರೂ ಪೋಷಕರಿಗೆ ಕೂರಿಸಿಕೊಂಡು ಹೇಳಿರುವುದಿಲ್ಲ.

ಶಾಲೆಯ ಲೆಕ್ಕ

ಶಾಲಾ ಹಾಕಿಗೆ ಮೇಲೆ ಇರುವ ಸಂಸ್ಥೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ, ಅಂದರೆ ಎಸ್‌ಜಿಎಫ್‌ಐ. ಇದರಲ್ಲಿ ಮೂರು ಗುಂಪು: 14 ವರ್ಷದೊಳಗೆ, 17 ವರ್ಷದೊಳಗೆ, 19 ವರ್ಷದೊಳಗೆ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ವಲಯ ಅಥವಾ ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ. ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಕೂಟಕ್ಕೆ.

ವಯಸ್ಸನ್ನು ಪಂದ್ಯ ನಡೆಯುವ ದಿನಕ್ಕೆ ಲೆಕ್ಕ ಹಾಕುವುದಿಲ್ಲ. ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ಗೆರೆ 2025ರ ಡಿಸೆಂಬರ್ 31 ಎಂದಿಟ್ಟುಕೊಂಡರೆ, 14ರೊಳಗಿನ ತಂಡಕ್ಕೆ 2012ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರೇ ಆಗಬೇಕು. 2011ರ ಡಿಸೆಂಬರ್ 28ಕ್ಕೆ ಹುಟ್ಟಿದ ಹುಡುಗನಿಗೆ ತಾಲ್ಲೂಕು ಪಂದ್ಯ ನಡೆಯುವ ಸಮಯಕ್ಕೆ ಇನ್ನೂ 13 ವರ್ಷವೇ. "ಅವನಿಗೆ ಹದಿಮೂರು, ತಂಡ ಹದಿನಾಲ್ಕರೊಳಗಿನದ್ದು, ಮತ್ತೆ ಯಾಕೆ ಇಲ್ಲ?" ಎಂದು ಮನೆಯವರು ಕೇಳುವುದು ಸಹಜ. ವರ್ಷದ ಕೊನೆಯೊಳಗೆ ಅವನಿಗೆ 14 ತುಂಬುತ್ತದೆ, ಹಾಗಾಗಿ ಇಲ್ಲ.

ಅವನು ಎಲ್ಲಿಗೆ ಹೋಗಬೇಕು? 17ರೊಳಗಿನ ಗುಂಪಿಗೆ. ಅಲ್ಲಿ ಆ ವರ್ಷ 2009ರ ಜನವರಿಯಲ್ಲಿ ಹುಟ್ಟಿದವರೂ ಇರುತ್ತಾರೆ. ಅಂದರೆ ಎಂಟನೇ ಕ್ಲಾಸಿನ ಹುಡುಗ ತನಗಿಂತ ಸುಮಾರು ಮೂರು ವರ್ಷ ದೊಡ್ಡವರ ಜೊತೆ ಜಾಗಕ್ಕೆ ಪೈಪೋಟಿ ಮಾಡಬೇಕು. ಆ ವಯಸ್ಸಿನಲ್ಲಿ ಮೂರು ವರ್ಷ ಅಂದರೆ ಅರ್ಧ ಅಡಿ ಎತ್ತರ, ಅದಕ್ಕೆ ತಕ್ಕ ತೂಕ. ಹೊಸ ಗುಂಪಿಗೆ ಹೋದ ಮೊದಲ ವರ್ಷ ಬಹಳ ಮಕ್ಕಳು ಬೆಂಚಿನಲ್ಲಿ ಕೂರುವುದು, ಆಮೇಲೆ ಮೈದಾನಕ್ಕೇ ಬರುವುದನ್ನು ಬಿಡುವುದು ಇದರಿಂದಲೇ. ಇದು ಆ ವರ್ಷದ ಕಥೆ ಮಾತ್ರ, ಮುಂದಿನ ವರ್ಷ ಅವನೂ ನಡುವಿನವನಾಗುತ್ತಾನೆ, ಅದರ ಮುಂದಿನ ವರ್ಷ ದೊಡ್ಡವನಾಗುತ್ತಾನೆ. ಇದನ್ನು ಮೊದಲೇ ಹೇಳಿದ್ದರೆ ಎಷ್ಟೋ ಸ್ಟಿಕ್‌ಗಳು ಅಟ್ಟ ಸೇರುತ್ತಿರಲಿಲ್ಲ.

ಹಾಕಿ ಇಂಡಿಯಾ ಲೆಕ್ಕವೇ ಬೇರೆ

ಶಾಲೆಯ ದಾರಿಗೆ ಹೊರತಾಗಿ ಇನ್ನೊಂದು ದಾರಿ ಇದೆ. ಹಾಕಿ ಇಂಡಿಯಾ, ಅದರ ಕೆಳಗೆ ರಾಜ್ಯ ಘಟಕವಾದ ಹಾಕಿ ಕರ್ನಾಟಕ. ಇಲ್ಲಿ ಸಬ್ ಜೂನಿಯರ್ ಅಂದರೆ 16ರೊಳಗೆ, ಜೂನಿಯರ್ ಅಂದರೆ 19ರೊಳಗೆ, ಆಮೇಲೆ ಸೀನಿಯರ್. ಹೀಗಾಗಿ ಒಬ್ಬನೇ ಹುಡುಗ ಶಾಲೆಯಲ್ಲಿ 17ರೊಳಗಿನ ತಂಡದಲ್ಲಿದ್ದು, ಇಲ್ಲಿ ಸಬ್ ಜೂನಿಯರ್ ವಯಸ್ಸು ದಾಟಿರಬಹುದು. ಅಂತರರಾಷ್ಟ್ರೀಯ ಮಟ್ಟದಲ್ಲಿ 'ಜೂನಿಯರ್' ಎಂಬ ಪದಕ್ಕೆ ಮತ್ತೊಂದು ಅರ್ಥ. 2025ರ ಕೊನೆಯಲ್ಲಿ ಚೆನ್ನೈ ಮತ್ತು ಮದುರೈನಲ್ಲಿ ನಡೆದ ಜೂನಿಯರ್ ವಿಶ್ವಕಪ್ 21 ವರ್ಷದೊಳಗಿನವರದ್ದು. ಆದ್ದರಿಂದ ಯಾವುದೇ ಆಯ್ಕೆ ಶಿಬಿರದ ಸುದ್ದಿ ಬಂದಾಗ 'ಜೂನಿಯರ್' ಎಂಬ ಪದ ನೋಡಿ ಬಸ್ಸು ಹತ್ತಬಾರದು. 'ಇಂಥ ದಿನಾಂಕ ಅಥವಾ ನಂತರ ಜನಿಸಿದವರು' ಎಂಬ ಸಾಲು ಸುತ್ತೋಲೆಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ತಂಡ ಯಾವುದೆಂದು ನಿಜವಾಗಿ ಹೇಳುವುದು ಅದೊಂದೇ ಸಾಲು.

ವಯಸ್ಸಿನ ಜೊತೆಗೆ ಈಗ ಬಲಾಬಲದ ವಿಂಗಡಣೆಯೂ ಬಂದಿದೆ. 2025ರಿಂದ ಹಾಕಿ ಇಂಡಿಯಾ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ರಾಜ್ಯ ತಂಡಗಳನ್ನು ಎ, ಬಿ, ಸಿ ಎಂದು ಮೂರು ಡಿವಿಷನ್ ಮಾಡಿದೆ. ಮೊದಲು ಜಾರಿಯಾದದ್ದು ಪಂಚಕುಲದಲ್ಲಿ ನಡೆದ ಸೀನಿಯರ್ ಮಹಿಳೆಯರ ಕೂಟದಲ್ಲಿ, ನಂತರ ಕಿರಿಯರ ಕೂಟಗಳಲ್ಲೂ. ಎ ಡಿವಿಷನ್‌ನ ಕೊನೆಯ ಎರಡು ತಂಡ ಮುಂದಿನ ವರ್ಷ ಬಿಗೆ ಇಳಿಯುತ್ತವೆ, ಬಿಯ ಮೊದಲ ಎರಡು ಮೇಲಕ್ಕೆ ಏರುತ್ತವೆ. ಇದಕ್ಕೆ ಕಾರಣ ಸರಳ. ಎಲ್ಲರನ್ನೂ ಒಂದೇ ಚೀಟಿಯಲ್ಲಿ ಹಾಕಿ ಆಡಿಸಿದಾಗ ಒಂದೇ ಪಂದ್ಯದಲ್ಲಿ ಇಪ್ಪತ್ತು ಗೋಲು ಬೀಳುತ್ತಿದ್ದವು. ಇಪ್ಪತ್ತು ಗೋಲು ಹೊಡೆಸಿಕೊಂಡ ಮಕ್ಕಳು ಅದರಿಂದ ಕಲಿಯುವುದು ಏನೂ ಇಲ್ಲ, ಹೊಡೆದವರು ಕಲಿಯುವುದೂ ಅಷ್ಟರಲ್ಲೇ ಇದೆ.

ಹಿರಿಯರಿಗೆ ನೆನಪಿರಬಹುದು, ರಾಷ್ಟ್ರೀಯ ಕೂಟಕ್ಕೆ ಕೂರ್ಗ್ ಹೆಸರಿನಲ್ಲೇ ಪ್ರತ್ಯೇಕ ತಂಡ ಹೋಗುತ್ತಿದ್ದ ಕಾಲವೂ ಇತ್ತು.

ಸಮಬಲವಾದರೆ ಮುಂದೆ ಹೋಗುವವರು ಯಾರು?

ಲೀಗ್ ಹಂತದಲ್ಲಿ ಗೆಲುವಿಗೆ 3 ಪಾಯಿಂಟ್, ಡ್ರಾ ಆದರೆ ತಲಾ 1, ಸೋತರೆ ಸೊನ್ನೆ. ಪಾಯಿಂಟ್ ಸಮ ಆದರೆ ಮೊದಲು ನೋಡುವುದು ಯಾರು ಹೆಚ್ಚು ಪಂದ್ಯ ಗೆದ್ದಿದ್ದಾರೆ ಎಂಬುದನ್ನು, ಆಮೇಲೆ ಗೋಲಿನ ಅಂತರ, ಆಮೇಲೆ ಹೊಡೆದ ಗೋಲು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಕೂಟಗಳ ಕ್ರಮ ಇದು. ಊರಿನ ಕೂಟಗಳಲ್ಲಿ ಆಯೋಜಕರು ಬೇರೆ ಕ್ರಮ ಇಟ್ಟುಕೊಳ್ಳಬಹುದು, ಆದರೆ ಮೊದಲ ಪಂದ್ಯಕ್ಕೆ ಮುಂಚೆ ಬರೆದು ಕೊಡಬೇಕು. ಕೊನೆಯ ದಿನ ಟೇಬಲ್ ಸುತ್ತ ನಿಂತು ನಿಯಮ ಮಾಡುವುದು ಜಗಳಕ್ಕೆ ಕೊಟ್ಟ ವೀಳ್ಯ. ನಾಕೌಟ್ ಪಂದ್ಯ ಸಮ ಆದರೆ ಶೂಟೌಟ್: ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಂದು ಗೋಲ್‌ಕೀಪರ್ ಎದುರು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕು.

ಶಿಸ್ತಿಗೆ ಮೂರು ಕಾರ್ಡ್. ಹಸಿರು ತೋರಿಸಿದರೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪು ಬಂದರೆ ಆ ಪಂದ್ಯ ಮುಗಿದಂತೆ. ಅಷ್ಟು ಹೊತ್ತೂ ತಂಡದಲ್ಲಿ ಒಬ್ಬ ಕಡಿಮೆ.

ಪತ್ರದ ತೊಂದರೆ

ಮೈದಾನದ ನಿಯಮಗಳಿಗಿಂತ ಮಕ್ಕಳ ಭವಿಷ್ಯಕ್ಕೆ ಹೆಚ್ಚು ಪೆಟ್ಟು ಕೊಡುವುದು ಮನೆಯ ಬೀರುವಿನಲ್ಲಿರುವ ಕಾಗದ. ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಜೂನ್ 1ಕ್ಕೆ ಹುಟ್ಟುಹಬ್ಬ ಇರುವ ಅಜ್ಜಂದಿರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಈಗಿನ ಮಕ್ಕಳಿಗೆ ಆಸ್ಪತ್ರೆಯ ದಾಖಲೆ ಇರುತ್ತದೆ. ಆದರೂ ಒಂದನೇ ಕ್ಲಾಸಿಗೆ ಬೇಗ ಸೇರಿಸುವ ಅವಸರದಲ್ಲಿ ಕೆಲವು ತಿಂಗಳು ಹೆಚ್ಚಿಸಿ ಬರೆಸಿದವರಿದ್ದಾರೆ. ಅಂದು ಉಳಿಸಿದ ಒಂದು ವರ್ಷ, ಏಳೆಂಟು ವರ್ಷದ ನಂತರ ಹಾಕಿ ತಂಡದ ಪಟ್ಟಿಯಲ್ಲಿ ವಾಪಸ್ ವಸೂಲಿಯಾಗುತ್ತದೆ. ಜನನ ಪ್ರಮಾಣಪತ್ರ ಒಂದು, ಶಾಲಾ ದಾಖಲೆ ಇನ್ನೊಂದು, ಆಧಾರ್ ಮತ್ತೊಂದು ಹೇಳಿದರೆ ಪರಿಶೀಲನೆಯ ಟೇಬಲ್ಲಿನಲ್ಲಿ ಮಗು ಸುಳ್ಳುಗಾರನಂತೆ ನಿಲ್ಲಬೇಕಾಗುತ್ತದೆ.

ಇನ್ನೊಂದು ಕಡೆಯ ಮೋಸವೂ ಇದೆ, ಮತ್ತು ಹೆಚ್ಚು ಮಾತಾಗುವುದು ಅದೇ: ವಯಸ್ಸು ಕಡಿಮೆ ತೋರಿಸಿ ಚಿಕ್ಕವರ ತಂಡದಲ್ಲಿ ಆಡಿಸುವುದು. ದೇಶದ ಎಲ್ಲ ಕ್ರೀಡೆಗಳಲ್ಲೂ ಈ ಕಾಯಿಲೆ ಇದ್ದದ್ದರಿಂದಲೇ ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯೋವಂಚನೆ ವಿರುದ್ಧ ರಾಷ್ಟ್ರೀಯ ಸಂಹಿತೆ ತಂದಿತು. ಅನುಮಾನ ಬಂದರೆ ವೈದ್ಯಕೀಯ ಪರೀಕ್ಷೆ ಮಾಡಿಸಲು ಅದರಲ್ಲಿ ಅವಕಾಶವಿದೆ. ಕ್ರಿಕೆಟ್ ಮಂಡಳಿ 16ರೊಳಗಿನ ಹುಡುಗರಿಗೆ ಮಾಡಿಸುವ ಟಿಡಬ್ಲ್ಯೂ3 ಪರೀಕ್ಷೆ ಈ ಬಗೆಯದ್ದು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬೆಳೆದಿದೆ ಎಂದು ಅಂಕ ಹಾಕುತ್ತಾರೆ. ಇದು ಹುಟ್ಟಿದ ದಿನ ಹೇಳುವ ಯಂತ್ರವಲ್ಲ. ಮೂಳೆಯ ವಯಸ್ಸು ಮಾತ್ರ ಹೇಳುತ್ತದೆ. ಬೇಗ ಬೆಳೆಯುವ ಪ್ರಾಮಾಣಿಕ ಹುಡುಗನೂ ಇದರಲ್ಲಿ ಸಿಕ್ಕಿಬೀಳಬಹುದು. ಅಂಥ ಹೊತ್ತಿನಲ್ಲಿ ಅವನ ಪರವಾಗಿ ಮಾತಾಡುವುದು ಹುಟ್ಟಿದ ಕೂಡಲೇ ಮಾಡಿಸಿದ ನೋಂದಣಿ. ಕಾನೂನಿನಂತೆ 21 ದಿನದೊಳಗೆ ಜನನ ನೋಂದಾಯಿಸಬೇಕು. ಹತ್ತು ವರ್ಷ ಬಿಟ್ಟು, ಆಯ್ಕೆ ಶಿಬಿರದ ಹಿಂದಿನ ತಿಂಗಳು ಮಾಡಿಸಿದ ಪತ್ರ ಅಸಲಿಯೇ ಆದರೂ ನೋಡುವವರ ಹುಬ್ಬು ಮೇಲೇರುತ್ತದೆ.

ಜನವರಿ ಮಕ್ಕಳ ಅದೃಷ್ಟ

ಎಲ್ಲ ಪತ್ರ ಸರಿಯಿದ್ದರೂ ಈ ಪದ್ಧತಿಯಲ್ಲಿ ಒಂದು ಓರೆ ಉಳಿದೇ ಉಳಿಯುತ್ತದೆ. ಕೆನಡಾದಲ್ಲಿ ಐಸ್ ಹಾಕಿಗೂ ಜನವರಿ 1ರದ್ದೇ ಗೆರೆ. ಅಲ್ಲಿನ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಆಟಗಾರರ ಹುಟ್ಟಿದ ತಿಂಗಳು ಎಣಿಸಿ ನೋಡಿದರು. ಮೇಲಿನ ಮಟ್ಟದ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಿಕೊಂಡಿದ್ದರು, ಕೊನೆಯ ಮೂರು ತಿಂಗಳಿನವರು ತೀರಾ ಕಡಿಮೆ. ಹತ್ತು ವರ್ಷದ ಗುಂಪಿನಲ್ಲಿ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು. ಸ್ವಲ್ಪ ಎತ್ತರ, ಸ್ವಲ್ಪ ವೇಗ. ಕೋಚ್ ಅದನ್ನೇ ಪ್ರತಿಭೆ ಎಂದು ಓದುತ್ತಾರೆ. ಆಯ್ಕೆಯಾದವನಿಗೆ ಹೆಚ್ಚು ಪಂದ್ಯ, ಹೆಚ್ಚು ತರಬೇತಿ, ಒಂದೆರಡು ವರ್ಷದಲ್ಲಿ ಅವನು ನಿಜವಾಗಿಯೂ ಮುಂದಾಗಿರುತ್ತಾನೆ.

ಗೆರೆ ಒಂದೇ ಆಗಿರುವಲ್ಲಿ ಇಲ್ಲಿನ ಕಥೆ ತೀರಾ ಬೇರೆ ಇರಲು ಕಾರಣವಿಲ್ಲ. ಕೂಡಿಗೆ ಕ್ರೀಡಾ ಶಾಲೆ, ಪೊನ್ನಂಪೇಟೆ ಕ್ರೀಡಾ ವಸತಿ ನಿಲಯ, ಮಡಿಕೇರಿಯ ಸಾಯ್ ಕೇಂದ್ರದಂಥ ಕಡೆ ಆಯ್ಕೆಗೆ ಹೋಗುವ ಅಕ್ಟೋಬರ್–ಡಿಸೆಂಬರ್ ಮಕ್ಕಳ ಪೋಷಕರು ಇದನ್ನು ತಿಳಿದಿರುವುದು ಒಳ್ಳೆಯದು. ಒಂದು ಸಲ ಆಗಲಿಲ್ಲ ಅಂದರೆ ಮಗುವಿಗೆ ಆಟ ಬರುವುದಿಲ್ಲ ಅಂತ ಅರ್ಥವಲ್ಲ, ಅಳತೆ ಮಾಡಿದ ತಿಂಗಳು ಅವನದಲ್ಲ.

ವಯಸ್ಸೇ ಕೇಳದ ಕೂಟ

ವಿಂಗಡಣೆ ವಯಸ್ಸಿನ ಮೇಲೇ ಆಗಬೇಕು ಎಂದೇನೂ ಇಲ್ಲ ಎಂಬುದಕ್ಕೆ ಸಾಕ್ಷಿ ಮನೆ ಬಾಗಿಲಲ್ಲೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ತಂಡವನ್ನು ನಿರ್ಧರಿಸುವುದು ಒಕ್ಕ. ಒಂದೇ ಮನೆತನದ ಅಜ್ಜ, ಮೊಮ್ಮಗ, ಸೊಸೆ, ಶಾಲೆಗೆ ಹೋಗುವ ಹುಡುಗಿ ಎಲ್ಲರೂ ಒಂದೇ ಜೆರ್ಸಿಯಲ್ಲಿ. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಅಲ್ಲಿ ಜಗಳವಾದರೂ ಜನನ ಪತ್ರದ ಜಗಳವಲ್ಲ. ಆದರೆ ಅದು ಉತ್ಸವ, ಆಯ್ಕೆಯ ಏಣಿಯಲ್ಲ. ರಾಜ್ಯ ತಂಡಕ್ಕೆ ಹೋಗಬೇಕಾದ ಮಗು ಕೊನೆಗೆ ದಿನಾಂಕದ ಸಾಲಿಗೇ ಬರಬೇಕು.

ಟ್ರೋಫಿ ಕೊಡುವವರೂ ಕೇಳಬೇಕು

ರಜೆ ಬಂತೆಂದರೆ ಊರೂರಲ್ಲಿ ಮಕ್ಕಳ ಟೂರ್ನಿ. ಚೀಟಿ ಹಿಡಿದು ಹುಡುಗರು ಬರುತ್ತಾರೆ; ಬೇಕರಿಯವರು ಟ್ರೋಫಿ, ಹಾರ್ಡ್‌ವೇರ್ ಅಂಗಡಿಯವರು ಜೆರ್ಸಿ, ಮೆಡಿಕಲ್‌ನವರು ನೀರಿನ ಬಾಟಲಿ ಎಂದು ಹಂಚಿಕೊಂಡು ಕೊಡುತ್ತಾರೆ. ಬ್ಯಾನರಿನಲ್ಲಿ '16 ವರ್ಷದೊಳಗಿನವರಿಗೆ' ಎಂದಿರುತ್ತದೆ, ಫೈನಲ್ಲಿನಲ್ಲಿ ಮೀಸೆ ಹೊತ್ತವರು ಓಡುತ್ತಿರುತ್ತಾರೆ. ದುಡ್ಡು ಕೊಡುವಾಗ ಅಂಗಡಿಯವರು ಮೂರು ಪ್ರಶ್ನೆ ಕೇಳಿದರೆ ಸಾಕು: ವಯಸ್ಸು ಯಾವ ದಿನಾಂಕಕ್ಕೆ ಲೆಕ್ಕ, ಪತ್ರ ನೋಡುವವರು ಯಾರು, ಆಕ್ಷೇಪಣೆ ಬಂದರೆ ಎಷ್ಟು ಹೊತ್ತಿನೊಳಗೆ ಬರೆದು ಕೊಡಬೇಕು. ಪತ್ರ ಪರಿಶೀಲನೆ ಪಂದ್ಯದ ಹಿಂದಿನ ದಿನವೇ, ಎರಡೂ ತಂಡದ ಮ್ಯಾನೇಜರ್‌ಗಳ ಎದುರು ಆಗಬೇಕು. ಗೋಲು ಬಿದ್ದ ಮೇಲೆ ಆಧಾರ್ ಕೇಳುವ ಪದ್ಧತಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಹೊಸ ಶೈಕ್ಷಣಿಕ ವರ್ಷದ ಸುತ್ತೋಲೆ ಶಾಲೆಗೆ ಬಂದ ಕೂಡಲೇ ಪೋಷಕರು ದೈಹಿಕ ಶಿಕ್ಷಕರ ಬಳಿ ಹೋಗಿ ದಿನಾಂಕದ ಸಾಲು ಓದಿಕೊಳ್ಳಬಹುದು. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರನ್ನೂ ಒಟ್ಟಿಗೆ ಇಟ್ಟು ಹೆಸರಿನ ಅಕ್ಷರ, ತಂದೆಯ ಹೆಸರು, ತಾರೀಖು ಹೋಲಿಸಿ ನೋಡಿ. ತಪ್ಪಿದ್ದರೆ ಜೂನ್‌ನಲ್ಲೇ ಅರ್ಜಿ ಹಾಕಿ. ತಾಲ್ಲೂಕು ಪಂದ್ಯದ ವಾರ ಕಚೇರಿ ಸುತ್ತಿದರೆ ಅಷ್ಟರಲ್ಲಿ ಪಟ್ಟಿ ಹೋಗಿಯಾಗಿರುತ್ತದೆ.