ಫಿಜಿಯೋಥೆರಪಿಗೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಡಿಕೆ ಮರದಿಂದ ಜಾರಿ ಬಿದ್ದು ಕೈಕಾಲು ಮುರಿದುಕೊಂಡವರು, ನಾಟಿ, ಕಬ್ಬು ಕಡಿತದಲ್ಲಿ ಬಗ್ಗಿ ಬಗ್ಗಿ ಸೊಂಟನೋವು ಹತ್ತಿಸಿಕೊಂಡವರು, ಪಾರ್ಶ್ವವಾಯು ಬಡಿದವರು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಅಪರೂಪವಲ್ಲ. ವೈದ್ಯರು ಫಿಜಿಯೋಥೆರಪಿಗೆ ಚೀಟಿ ಬರೆದುಕೊಟ್ಟರೆ, ಅದು ಎಣ್ಣೆ ಹಚ್ಚಿ ನೀವುವುದೆಂದೋ ಕರೆಂಟು ಕೊಡುವುದೆಂದೋ ಬಹುಮಂದಿ ತಿಳಿಯುತ್ತಾರೆ. ಮೂರು ದಿನ ಹೋಗಿ, ನೋವು ಹೋಗಲಿಲ್ಲವೆಂದು ಬಿಟ್ಟುಬಿಡುವವರೂ ಉಂಟು. ಮೊಣಕೈ ಪೂರ್ತಿ ಚಾಚದೆ ಉಳಿದರೆ ಮುಂದೆ ದುಡಿಮೆಗೇ ಕುತ್ತು. ಆದ್ದರಿಂದ ಈ ನಾಲ್ಕು ಮಾತು.

ಕಟ್ಟು ಹಾಕಿದ ಕೀಲು ವಾರಗಟ್ಟಲೆ ಅಲುಗಾಡದಿದ್ದರೆ ಅದರ ಸುತ್ತಣ ಪೊರೆ ಬಿಗಿಯುತ್ತದೆ, ಮಾಂಸಖಂಡ ಸೊರಗುತ್ತದೆ. ಮೂಳೆ ಕೂಡಿದ ಮಾತ್ರಕ್ಕೆ ಕೈ ಮೊದಲಿನಂತಾಗದು. ಬಿಗಿದದ್ದನ್ನು ಸಡಿಲಿಸಿ ಸೊರಗಿದ್ದಕ್ಕೆ ಬಲ ತುಂಬುವುದು ಮುಖ್ಯವಾಗಿ ವ್ಯಾಯಾಮ. ಶಾಖ, ವಿದ್ಯುತ್ ಉಪಕರಣಗಳು ಅದಕ್ಕೆ ಒತ್ತಾಸೆ ಮಾತ್ರ.

ಮೊದಲ ದಿನ ಎಕ್ಸ್‌ರೇ, ಆಸ್ಪತ್ರೆಯ ಬಿಡುಗಡೆ ಚೀಟಿ, ನುಂಗುತ್ತಿರುವ ಮಾತ್ರೆಗಳನ್ನು ಜೊತೆಗೊಯ್ಯಿರಿ. ಸಡಿಲವಾದ ಬಟ್ಟೆ ತೊಡಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಬಸಿರು, ಎದೆಯಲ್ಲಿ ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು—ಯಾವುದನ್ನೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಶಾಖದಿಂದ ಸುಟ್ಟರೂ ತಿಳಿಯದು.

ವ್ಯಾಯಾಮದ ನಂತರ ಒಂದೆರಡು ದಿನ ಮೈಕೈ ನೋವು ಸಹಜ. ಆದರೆ ಚುಚ್ಚುವಂಥ ನೋವು ಬಂದರೆ ನಿಲ್ಲಿಸಿ ತಿಳಿಸಬೇಕು. ಎದೆನೋವು, ಉಸಿರುಕಟ್ಟುವಿಕೆ, ಒಂದೇ ಮೀನಖಂಡದಲ್ಲಿ ಊತ, ಕಾಲು ಸೋಲುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಪಾರ್ಶ್ವವಾಯುವಿನವರನ್ನು ಸೋತ ತೋಳು ಹಿಡಿದು ಎಳೆದೆಬ್ಬಿಸಬಾರದು. ಭುಜ ಕೀಲು ಕೆಡುತ್ತದೆ.

ದಿನವೂ ಬಸ್ಸು ಹಿಡಿದು ಮಂಡ್ಯಕ್ಕೆ ಹೋದರೆ ಕೂಲಿ ಹೋಗುತ್ತದೆ. ಇದನ್ನು ನಾಚದೆ ಹೇಳಿ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿರೆಂದು ಕೇಳಿರಿ. ಮನೆಯವರೊಬ್ಬರು ಜೊತೆಗಿದ್ದು ಕಲಿತರೆ ಲೇಸು. ಎಷ್ಟು ವಾರ, ಏನು ಗುರಿ, ಎಷ್ಟು ಖರ್ಚು ಎಂಬುದನ್ನು ಮೊದಲೇ ವಿಚಾರಿಸುವುದು ನಿಮ್ಮ ಹಕ್ಕು. ಚಿಕಿತ್ಸೆ ಕೊಡುವವರು ಫಿಜಿಯೋಥೆರಪಿ ಪದವಿ ಪಡೆದವರೇ ಎಂದೂ ಕೇಳಬಹುದು. 2021ರ ಕೇಂದ್ರ ಕಾಯಿದೆಯು ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಖಾಸಗಿ ಕಡೆ ಹಣ ತೆರುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಸದಸ್ಯರು, ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮದ ಖರ್ಚು ಅದರಲ್ಲಿ ಸೇರುವುದೋ ಎಂದು ಆಸ್ಪತ್ರೆಯಲ್ಲೇ ಕೇಳಿ ತಿಳಿಯಬೇಕು.

ಕೊನೆಯದಾಗಿ, ನಮ್ಮ ತೋಟದ ಮರದಿಂದ ಬಿದ್ದವನು ಕೂಲಿಯಾಳಾದರೆ, ಕಟ್ಟು ಬಿಚ್ಚಿದೊಡನೆ ನಮ್ಮ ಹೊಣೆ ಮುಗಿಯಿತೆಂದು ತಿಳಿಯಬಾರದು. ಆತನ ಕೈ ಮತ್ತೆ ಕೆಲಸಕ್ಕೆ ಬರುವವರೆಗೆ ಬಸ್ಸಿನ ಖರ್ಚನ್ನಾದರೂ ಸದಸ್ಯರು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ.